ಕೆಂಪು ಮೇಪಲ್ ಕಾಸರಗೋಡಿನಲ್ಲಿ ಕೆಂಪಾಗದು, ಅಂಗಳಕ್ಕೆ ನಮ್ಮ ಮರಗಳೇ ಇವೆ

ಸಂಪಾದಕರಿಗೆ,

ಮಾನ್ಯರೇ,

ಹೊಸ ಮನೆ ಕಟ್ಟಿದವರು ಅಂಗಳದ ಮೂಲೆಗೆ ಕೆಂಪು ಮೇಪಲ್ ಗಿಡ ಸಿಕ್ಕೀತೇ ಎಂದು ಕೇಳುವುದು ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಗಳಲ್ಲಿ ಈಗ ಹೊಸತೇನಲ್ಲ. ಮೊಬೈಲಿನಲ್ಲಿ ಕಂಡ ಚಿತ್ರ, ಅಮೆರಿಕದಲ್ಲೋ ಕೆನಡಾದಲ್ಲೋ ಇರುವ ಮಕ್ಕಳು ಕಳಿಸಿದ ಫೋಟೊ, ಆನ್‌ಲೈನ್ ಅಂಗಡಿಯ ಬೀಜದ ಪೊಟ್ಟಣ, ಇಷ್ಟಿದ್ದರೆ ಆಸೆ ಹುಟ್ಟಲು ಸಾಕು. ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಈ ಮರ ನಮ್ಮ ಜಿಲ್ಲೆಯಲ್ಲಿ ಹೇಗೋ ಬದುಕಿಕೊಂಡರೂ ಚಿತ್ರದಲ್ಲಿ ಕಂಡಂತೆ ಕೆಂಪಾಗುವುದಿಲ್ಲ. ಅದಕ್ಕೆ ಕಾರಣ ಮಣ್ಣಲ್ಲ, ಗೊಬ್ಬರವೂ ಅಲ್ಲ. ಅದೇನೆಂದು ಬಿಡಿಸಿ ಹೇಳಿ, ಆ ಕೆಂಪನ್ನು ಇಲ್ಲಿಯೇ ಕೊಡಬಲ್ಲ ಮರಗಳನ್ನು ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ನೆಡುವ ಕ್ರಮವನ್ನು ಓದುಗರ ಮುಂದಿಡಲು ಈ ಪತ್ರ.

ಸಸ್ಯಶಾಸ್ತ್ರದಲ್ಲಿ ಏಸರ್ ರೂಬ್ರಮ್ ಎನಿಸಿಕೊಂಡ ಕೆಂಪು ಮೇಪಲ್ ಉತ್ತರ ಅಮೆರಿಕದ ಪೂರ್ವ ಭಾಗದ ಮರ. ಉತ್ತರದಲ್ಲಿ ನ್ಯೂಫೌಂಡ್‌ಲ್ಯಾಂಡಿನಿಂದ ದಕ್ಷಿಣದಲ್ಲಿ ಫ್ಲಾರಿಡಾದವರೆಗೆ ಅದರ ನೆಲೆ. ಮನೆಯಂಗಳದಲ್ಲಿ 12ರಿಂದ 18 ಮೀಟರ್ ಎತ್ತರಕ್ಕೆ ಬರುತ್ತದೆ, ಕಾಡಿನಲ್ಲಿ ಇನ್ನೂ ಹೆಚ್ಚು. ಹುಳಿ ಮಣ್ಣು ಅದಕ್ಕೆ ಇಷ್ಟ, ಸುಣ್ಣದಂಶ ಹೆಚ್ಚಿದ ಮಣ್ಣಿನಲ್ಲಿ ಮ್ಯಾಂಗನೀಸ್ ಸಿಗದೆ ಎಲೆ ಹಳದಿಯಾಗುತ್ತದೆ. ನೀರು ನಿಂತರೂ ತಾಳಿಕೊಳ್ಳುತ್ತದೆ, ಜೌಗು ಮೇಪಲ್ ಎಂಬ ಹೆಸರೂ ಅದಕ್ಕುಂಟು. ಈ ಲೆಕ್ಕದಲ್ಲಿ ನೋಡಿದರೆ ನಮ್ಮ ಹುಳಿ ಮಣ್ಣು, ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಎರಡೂ ಅದಕ್ಕೆ ಒಗ್ಗಬೇಕು. ಒಗ್ಗದಿರುವುದು ನಮ್ಮ ಆಕಾಶ.

ಮೇಪಲ್ ಎಲೆ ಕೆಂಪಾಗುವುದು ಉದುರುವ ಮುನ್ನ. ಹಗಲು ಗಿಡ್ಡವಾಗುತ್ತ ಬಂದಂತೆ ಮರ ಎಲೆಯ ಹಸಿರನ್ನು ಒಡೆದು ಅದರ ಸತ್ವವನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ಹೊತ್ತಿಗೆ ಹಗಲು ಒಳ್ಳೆಯ ಬಿಸಿಲೂ ರಾತ್ರಿ ಹಿಮಗಟ್ಟದಷ್ಟು ಚಳಿಯೂ ಇದ್ದರೆ ಎಲೆಯಲ್ಲಿ ಉಳಿದ ಸಕ್ಕರೆಯಿಂದ ಆಂಥೋಸಯಾನಿನ್ ಎಂಬ ಕೆಂಪು ಬಣ್ಣ ತಯಾರಾಗುತ್ತದೆ. ಬೋಸ್ಟನ್ ನಗರದಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಆರು ಗಂಟೆಗಿಂತ ಹೆಚ್ಚಿನ ಅಂತರವಿದೆ. ಹನ್ನೆರಡೂವರೆ ಡಿಗ್ರಿ ಅಕ್ಷಾಂಶದ ಕಾಸರಗೋಡಿನಲ್ಲಿ ಅದು ಹೆಚ್ಚುಕಡಿಮೆ ಒಂದೂವರೆ ಗಂಟೆ. ಧನುರ್ಮಾಸದ ಬೆಳಗಿನ ಜಾವಕ್ಕೂ ಇಲ್ಲಿ ಒಂದು ತೆಳು ಹೊದಿಕೆ ಸಾಕು. ಮರಕ್ಕೆ ಸಿಗಬೇಕಾದ ಎರಡು ಸೂಚನೆಗಳಲ್ಲಿ ಒಂದೂ ಸಿಗುವುದಿಲ್ಲ.

ಎರಡನೆಯ ತೊಡಕು ನಿದ್ದೆಯದು. ಉತ್ತರದ ಬೀಜದಿಂದ ಬಂದ ಮೇಪಲ್ ಎಲೆ ಉದುರಿಸಿ ಮಲಗಿದ ಮೇಲೆ ವಾರಗಟ್ಟಲೆ ಚಳಿ ತಿಂದ ಹೊರತು ಮೊಗ್ಗು ಬಿಚ್ಚದು. ಫ್ಲಾರಿಡಾದ ದಕ್ಷಿಣ ತುದಿಯ ಜೌಗಿನ ಮೇಪಲ್‌ಗೆ ಈ ಚಳಿಯ ಹಂಗಿಲ್ಲ ನಿಜ. ಆದರೆ ಪೊಟ್ಟಣದಲ್ಲಿರುವುದು ಯಾವ ಊರಿನ ಬೀಜ ಎಂದು ಮಾರುವವನಿಗೇ ಗೊತ್ತಿರುವುದಿಲ್ಲ. ಚಳಿ ಸಿಗದ ಗಿಡ ಒಂದು ಕೊಂಬೆಯಲ್ಲಿ ಚಿಗುರಿ ಇನ್ನೊಂದರಲ್ಲಿ ಒಣಗಿ, ಮಾರ್ಚ್ ಏಪ್ರಿಲ್ ಬಿಸಿಲಿಗೆ ಎಲೆಯಂಚು ಸುಟ್ಟುಕೊಂಡು ಕುಂಟುತ್ತದೆ. ಬೀಜವನ್ನು ಫ್ರಿಜ್ಜಿನಲ್ಲಿಟ್ಟು ಮೊಳೆಸಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಬೀಜಕ್ಕೆ ಕೊಟ್ಟ ಚಳಿ ಮೊಳಕೆಗೆ ಮುಗಿಯಿತು, ಮರಕ್ಕೆ ಪ್ರತಿ ವರ್ಷವೂ ಬೇಕು. ಅಷ್ಟು ದೊಡ್ಡ ಫ್ರಿಜ್ಜು ಯಾರ ಮನೆಯಲ್ಲೂ ಇಲ್ಲ.

ಪೊಟ್ಟಣದ ಬೀಜದ ಬಗ್ಗೆಯೂ ಎರಡು ಮಾತು. ಕೆಂಪು ಮೇಪಲ್ ಬೀಜ ರೆಕ್ಕೆಯ ಜೋಡಿಯಾಗಿ ಬೆಳೆದು ವಸಂತ ಕಳೆಯುವ ಹೊತ್ತಿಗೆ ಉದುರಿ, ಹೆಚ್ಚಿನವು ಕೂಡಲೇ ಮೊಳೆಯುವ ಜಾತಿ. ತಂಪಿಲ್ಲದೆ ತಿಂಗಳುಗಟ್ಟಲೆ ಅಲೆದ ಬೀಜದಲ್ಲಿ ಕಸುವು ಉಳಿದಿರುವುದಿಲ್ಲ. ನೀಲಿ ಎಲೆಯ ಮೇಪಲ್ ಬೀಜ ಎಂದು ಮಾರುವುದಂತೂ ಶುದ್ಧ ಮೋಸ, ಅಂಥ ಮರ ಲೋಕದಲ್ಲೇ ಇಲ್ಲ. ವಿದೇಶದಿಂದ ನೇರವಾಗಿ ಅಂಚೆಯಲ್ಲಿ ಬರುವ ಬೀಜಕ್ಕೆ 2003ರ ಸಸ್ಯ ಸಂಪರ್ಕ ನಿಷೇಧ (ಪ್ಲಾಂಟ್ ಕ್ವಾರಂಟೈನ್) ಆದೇಶದಂತೆ ಆಮದು ಪರವಾನಗಿಯೂ ರೋಗಮುಕ್ತ ಪ್ರಮಾಣಪತ್ರವೂ ಬೇಕು. ರಜೆಗೆ ಬರುವ ಮಕ್ಕಳಿಗೆ ಬ್ಯಾಗಿನಲ್ಲಿ ನಾಲ್ಕು ಬೀಜ ಹಾಕಿಕೊಂಡು ಬಾ ಎಂದು ಹೇಳುವವರು ಇದನ್ನು ನೆನಪಿಡಬೇಕು. ನಮಗೆ ಬೇಕಾದ್ದು ಮರ, ಅದರ ಜೊತೆ ಬರುವ ಹೊಸ ಶಿಲೀಂಧ್ರವಲ್ಲ.

ಮೇಪಲ್ ಎಂದು ಕೊಡುವ ಗಿಡ ನಿಜಕ್ಕೂ ಮೇಪಲ್ ಹೌದೇ ಎಂದು ನೋಡಲು ಸುಲಭದ ದಾರಿಯಿದೆ. ಮೇಪಲ್‌ನ ಎಲೆಗಳು ಕಡ್ಡಿಯ ಒಂದೇ ಗಂಟಿನಲ್ಲಿ ಎದುರುಬದುರಾಗಿ ಜೋಡಿಯಾಗಿ ಇರುತ್ತವೆ. ಎಲೆ ಒಂದು ಆಚೆ ಒಂದು ಈಚೆ ಬಂದಿದ್ದರೆ ಅದು ಮೇಪಲ್ ಅಲ್ಲ. ಹಸ್ತದಂತೆ ಸೀಳಿದ ಕಡುಗೆಂಪು ಎಲೆಯಿದ್ದೂ ಹೀಗೆ ಬಿಡಿಬಿಡಿಯಾಗಿ ಬಂದಿದ್ದರೆ ಅದು ಬಹುಪಾಲು ಹೈಬಿಸ್ಕಸ್ ಅಸಿಟೊಸೆಲ್ಲ, ಪುಂಡಿ ಸೊಪ್ಪಿನ ಬಳಗದ ಒಂದು ದಾಸವಾಳ. ಎಲೆ ಹುಳಿಯಾಗಿರುತ್ತದೆ, ಸಾರಿಗೆ ಹಾಕಬಹುದು. ಗಿಡವಾಗಿ ಚೆಂದವೇ, ಆದರೆ ಆಳೆತ್ತರದ ಪೊದೆ, ನೆರಳಿನ ಮರವಲ್ಲ. ಕಾಶ್ಮೀರದ ಚಿನಾರ್ ಎಲೆಯೂ ಮೇಪಲ್‌ನಂತೆ ಕಾಣುತ್ತದೆ, ಅದೂ ಬೇರೆಯೇ ಕುಲ. ಇವೆಲ್ಲಕ್ಕಿಂತ ಎಚ್ಚರ ಬೇಕಾದ್ದು ಯುಫೋರ್ಬಿಯ ಕೊಟಿನಿಫೋಲಿಯ ಎಂಬ ಗಿಡದ ಬಗ್ಗೆ. ಒಂದು ಗಂಟಿಗೆ ಮೂರರಂತೆ ನೇರಳೆಗೆಂಪು ಎಲೆ, ನೋಡಲು ಬಲು ಸೊಗಸು. ಕಡ್ಡಿ ಮುರಿದರೆ ಬಿಳಿ ಹಾಲು ಸುರಿಯುತ್ತದೆ. ಅದು ಚರ್ಮಕ್ಕೆ ತಾಗಿದರೆ ಉರಿ, ಕಣ್ಣಿಗೆ ಬಿದ್ದರೆ ಆಸ್ಪತ್ರೆ. ಸಣ್ಣ ಮಕ್ಕಳೂ ದನಕರುಗಳೂ ಇರುವ ಮನೆಗೆ ಇದು ಬೇಡ.

ಹಾಗಾದರೆ ಕೆಂಪಿಗೇನು ಗತಿ? ನಮ್ಮ ಕಡೆ ಎಲೆ ಕೆಂಪಾಗುವುದು ಹೆಚ್ಚಾಗಿ ಹುಟ್ಟುವಾಗ. ಎಳೆ ಎಲೆಗೆ ಹಸಿರು ತುಂಬುವ ಮೊದಲು ಅದೇ ಆಂಥೋಸಯಾನಿನ್ ತುಂಬಿಕೊಂಡು ಬಿಸಿಲಿನ ಹೊಡೆತದಿಂದ ಅದನ್ನು ಕಾಯುತ್ತದೆ. ಅಲ್ಲಿ ಅಕ್ಟೋಬರಿನಲ್ಲಿ ಸಿಗುವ ಬಣ್ಣ ನಮಗೆ ಮಕರ ಕುಂಭ ಮೀನ ಮಾಸಗಳಲ್ಲಿ, ಅಂದರೆ ಜನವರಿ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಸಿಗುತ್ತದೆ. ಉದುರುವಾಗಲೇ ಕೆಂಪಾಗಬೇಕು ಎಂಬ ಹಟವಿದ್ದವರಿಗೆ ಕಾಡುಬಾದಾಮಿ ಇದೆ. ಅಗಲ ಎಲೆ ಕಡುಗೆಂಪಾಗಿ, ಕೆಲವು ತಾಮ್ರದ ಬಣ್ಣಕ್ಕೆ ತಿರುಗಿ ವರ್ಷಕ್ಕೆ ಒಂದೆರಡು ಬಾರಿ ಉದುರುತ್ತದೆ. ಉಪ್ಪುಗಾಳಿ, ಮರಳು ಎರಡನ್ನೂ ತಾಳುವುದರಿಂದ ಉಪ್ಪಳ, ಮಂಜೇಶ್ವರದ ಕಡಲಬದಿಯ ಮನೆಗಳಿಗೆ ಇದಕ್ಕಿಂತ ಒಗ್ಗುವ ಮರ ಸಿಗದು. ಆದರೆ ಕೊಂಬೆಗಳು ಅಂತಸ್ತು ಅಂತಸ್ತಾಗಿ ಅಡ್ಡಕ್ಕೆ ಚಾಚುತ್ತವೆ, ಎಲೆ ಬಿದ್ದು ಮಾಡಿನ ನೀರಿನ ದಾರಿ ಕಟ್ಟುತ್ತದೆ, ಬೇರು ನೆಲವನ್ನು ಎಬ್ಬಿಸುತ್ತದೆ. ಗೋಡೆಯಿಂದ 8 ಮೀಟರ್ ದೂರ ಇಲ್ಲದಿದ್ದರೆ ಇದರ ಆಸೆ ಬಿಡುವುದು ಲೇಸು.

ಐದು ಹತ್ತು ಸೆಂಟ್ಸಿನ ಜಾಗಕ್ಕೆ ನನ್ನ ಮೊದಲ ಮತ ಪುನರ್ಪುಳಿಗೆ, ಅಂದರೆ ಮುರುಗಲು ಅಥವಾ ಕೋಕಂ ಮರಕ್ಕೆ. ಶರಬತ್ತಿಗೂ ಸಾರಿಗೂ ಬೇಕೆಂದು ತೋಟದ ಬದಿಯಲ್ಲಿ ಬಿಟ್ಟಿದ್ದೇವೆ, ಅಂಗಳದ ಮರವೆಂದು ಅದನ್ನು ಯಾರೂ ನೋಡಿದ್ದಿಲ್ಲ. ಗೋಪುರದಂತೆ ಮೇಲಕ್ಕೆ ಸಪೂರವಾಗಿ ಬೆಳೆದು, ಕೊಂಬೆ ಕೆಳಕ್ಕೆ ಬಾಗಿ, ಕಡುಹಸಿರಿನ ನಡುವೆ ಚಿಗುರು ಕೆಂಪಗೆ ಇಳಿಬಿದ್ದಿರುತ್ತದೆ. ಎಲೆ ಒಮ್ಮೆಲೇ ಉದುರಿಸಿ ಬರಡಾಗುವುದಿಲ್ಲ. ತೊಂದರೆಯೆಂದರೆ ಇದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆಬೇರೆ. ಬೀಜದ ಗಿಡಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡಾಗುತ್ತವೆ, ಅದು ತಿಳಿಯುವುದು ಏಳೆಂಟು ವರ್ಷ ಕಳೆದು ಹೂ ಬಂದಾಗ. ಕಾಯಿ ಬೇಕಾದವರು ಕಸಿ ಗಿಡವನ್ನೇ ತರಬೇಕು. ಮಹಾರಾಷ್ಟ್ರದ ದಾಪೋಲಿಯ ಕೃಷಿ ವಿಶ್ವವಿದ್ಯಾಲಯ ಹೊರತಂದ ಕೊಂಕಣ ಅಮೃತಾ ತಳಿ ಹೆಸರಾದದ್ದು.

ಕಸಿಯಲ್ಲೂ ನೋಡಬೇಕಾದ ಒಂದು ಸೂಕ್ಷ್ಮವಿದೆ, ಹೆಚ್ಚಿನವರು ಇದನ್ನು ಕೇಳುವುದೇ ಇಲ್ಲ. ಪುನರ್ಪುಳಿಯ ನೆಟ್ಟಗಿನ ಚಿಗುರಿನಿಂದ ತೆಗೆದ ಕಸಿಕಡ್ಡಿ ನೆಟ್ಟಗೆ ಬೆಳೆಯುತ್ತದೆ. ಅಡ್ಡ ಕೊಂಬೆಯ ಕಡ್ಡಿ ಕಟ್ಟಿದ ಕಸಿ ಎಷ್ಟು ವರ್ಷವಾದರೂ ಅಡ್ಡಡ್ಡಕ್ಕೇ ಹರಡಿ ಪೊದೆಯಾಗುತ್ತದೆ, ಕೋಲು ಕಟ್ಟಿ ಎಬ್ಬಿಸಿದರೂ ಪ್ರಯೋಜನವಿಲ್ಲ. ಕಾಯಿ ಕೊಯ್ಯಲು ಪೊದೆಯೇ ಅನುಕೂಲ. ಅಂಗಳಕ್ಕೆ ಗೋಪುರದ ಆಕಾರ ಬೇಕಾದವರು ಕಸಿಯ ಮೇಲಿನ ಚಿಗುರು ಸುತ್ತಲೂ ಕೊಂಬೆ ಒಡೆಯುತ್ತಿದೆಯೇ, ಒಂದೇ ಕಡೆಗೆ ವಾಲಿದೆಯೇ ಎಂದು ನೋಡಿ ಆರಿಸಬೇಕು. ಸುತ್ತಮುತ್ತ ಹಿತ್ತಿಲುಗಳಲ್ಲಿ ಗಂಡು ಮರವಿಲ್ಲದಿದ್ದರೆ ಒಂಟಿ ಹೆಣ್ಣು ಮರ ಕಾಯಿ ಕಚ್ಚುವುದು ಕಡಿಮೆ. ನಮ್ಮ ಗುಡ್ಡೆಗಳಲ್ಲಿ ಆ ಕೊರತೆ ಅಪರೂಪ.

ನೆರಳು, ತೇವ ಎರಡೂ ಇರುವ ಕಡೆ, ಅಂದರೆ ಬಾವಿಕಟ್ಟೆಯ ಆಸುಪಾಸು, ಗುಡ್ಡೆಗೆ ಅಡ್ಡ ಕೊರೆದ ಸುರಂಗದ ನೀರು ಹರಿದು ಬರುವ ತೋಡಿನ ಬದಿ, ಅಶೋಕಕ್ಕೆ ಹೇಳಿಸಿದ ಜಾಗ. ಅದರ ಎಳೆ ಎಲೆ ಗೊಂಚಲಾಗಿ ಸೋತಂತೆ ಜೋತುಬಿದ್ದು ತಾಮ್ರಗೆಂಪಿನಿಂದ ಹಸಿರಿಗೆ ತಿರುಗುತ್ತದೆ, ಮೇಲಿಂದ ಕಿತ್ತಳೆ ಕೆಂಪಿನ ಹೂ. ಎತ್ತರ 6ರಿಂದ 9 ಮೀಟರ್, ಸಣ್ಣ ಮನೆಗೂ ಹೊರೆಯಲ್ಲ. ಅಶೋಕವೆಂದೇ ಹೇಳಿ ಗೇಟಿನ ಬಳಿ ಕಂಬದಂತೆ ನೆಡುವ ಅಲೆಯಂಚಿನ ಒಂಟಿ ಎಲೆಯ ಮರ ಇದಲ್ಲ. ನಿಜವಾದ ಅಶೋಕದ ಎಲೆಯಲ್ಲಿ ನಾಲ್ಕರಿಂದ ಆರು ಜೋಡಿ ಎಲೆಸೀಳುಗಳಿರುತ್ತವೆ, ದುಡ್ಡು ಕೊಡುವ ಮೊದಲು ಎಣಿಸಿ. ಒಣ ಗುಡ್ಡೆಯ ತಲೆಯಲ್ಲಿ ಬಿಸಿಲಿಗೆ ಇದನ್ನು ನೆಟ್ಟರೆ ಬೇಸಗೆಯಲ್ಲಿ ಎಲೆ ಸುಟ್ಟು ನಿಲ್ಲುತ್ತದೆ.

ನಾಗಸಂಪಿಗೆಯ ಬಗ್ಗೆ ಇನ್ನೊಂದು ಮಾತು. ಬಣ್ಣದಲ್ಲಿ ಮೇಪಲ್‌ಗೆ ಸವಾಲು ಹಾಕುವ ಮರ ನಮ್ಮಲ್ಲಿದ್ದರೆ ಇದೇ. ಇಡೀ ಮರ ಒಮ್ಮೆಲೇ ರಕ್ತಗೆಂಪಿಗೆ ಚಿಗುರಿ, ಗುಲಾಬಿಯಾಗಿ, ಆಮೇಲೆ ಹಸಿರಾಗುತ್ತದೆ. ಬೆಳವಣಿಗೆ ಬಲು ನಿಧಾನ, ನೆಟ್ಟವರಿಗಿಂತ ಮೊಮ್ಮಕ್ಕಳಿಗೆ ಹೆಚ್ಚು ಉಪಯೋಗ. ಎಣ್ಣೆಯಂಶದ ಬೀಜ ಬೇಗ ಕೆಡುವುದರಿಂದ ಬಿದ್ದ ವಾರದೊಳಗೆ ಬಿತ್ತಬೇಕು. ತಾಯಿಬೇರು ಆಳಕ್ಕಿಳಿಯುವ ಜಾತಿಯಾದ್ದರಿಂದ ದೊಡ್ಡ ಗಿಡಕ್ಕೆ ಹೆಚ್ಚು ಬೆಲೆ ಕೊಟ್ಟು ತರುವುದು ದಂಡ, ಒಂದೆರಡು ಅಡಿಯ ಗಿಡವೇ ಬೇಗ ನೆಲ ಹಿಡಿಯುತ್ತದೆ. ಎಳೆತನದಲ್ಲಿ ಅರೆನೆರಳು ಬೇಕು.

ಸಾಗಡೆ, ಮಲಯಾಳದವರ ಪೂವಂ, ಮೀನ ಮಾಸದ ಸುಮಾರಿಗೆ ಕಾಡಿನಲ್ಲಿ ಬೆಂಕಿ ಬಿದ್ದಂತೆ ಚಿಗುರುತ್ತದೆ. ಅದಕ್ಕೆ ಅಂಗಳ ಸಾಲದು, ಬನ, ಶಾಲೆಯ ಬಯಲು, ದೇವಸ್ಥಾನದ ಹೊರಾಂಗಣ ಸರಿ. ದಾಲ್ಚಿನ್ನಿ ಗಿಡವನ್ನು ಬೇಲಿಯಾಗಿ ಬೆಳೆಸಿ ತುದಿ ಚಿವುಟುತ್ತಿದ್ದರೆ ಎರಡು ಮೂರು ವಾರಕ್ಕೆ ಕೆಂಪು ಚಿಗುರು ಮತ್ತೆ ಬರುತ್ತದೆ. ಪೇಟೆಯಲ್ಲಿ ದುಬಾರಿ ಬೆಲೆಗೆ ತರುವ ಸಿಜೀಜಿಯಂ ಬೇಲಿ ಕೊಡುವುದೂ ಇದನ್ನೇ, ತೊಗಟೆಯ ಲಾಭ ಮಾತ್ರ ಅದರಲ್ಲಿಲ್ಲ.

ಇನ್ನು ನೆಡುವ ವಿಷಯ. ಗಿಡ ಸಾಯುವುದಕ್ಕೆ ರೋಗಕ್ಕಿಂತ ಗುಂಡಿಯೇ ಹೆಚ್ಚಿನ ಕಾರಣ. ಜೆಸಿಬಿಯಲ್ಲಿ ಗುಡ್ಡೆ ತಗ್ಗಿಸಿ ಮಾಡಿದ ಮನೆಯಂಗಳದಲ್ಲಿ ಮೇಲ್ಮಣ್ಣೇ ಇರುವುದಿಲ್ಲ, ಬರಿಯ ಮುರಕಲ್ಲು. ಅದರಲ್ಲಿ ಸಣ್ಣ ಗುಂಡಿ ತೋಡಿ ಮೆತ್ತನೆ ಗೊಬ್ಬರದ ಮಣ್ಣು ತುಂಬಿದರೆ ಆಟಿಯ (ಜುಲೈ–ಆಗಸ್ಟ್) ಮಳೆಗೆ ಅದು ತಳ ತೂತಿಲ್ಲದ ಕೊಪ್ಪರಿಗೆ. ನೀರು ಇಳಿಯದೆ ಬೇರು ಕೊಳೆಯುತ್ತದೆ, ಬೇಸಗೆಯಲ್ಲಿ ಅದೇ ಬೇರು ಕಲ್ಲಿನ ಗೋಡೆಗೆ ತಾಗಿ ಸುತ್ತು ಹಾಕುತ್ತದೆ. ಆದ್ದರಿಂದ ಗುಂಡಿ ಆಳಕ್ಕಿಂತ ಅಗಲ ಇರಲಿ. ಒಂದು ಮೀಟರಿಗೆ ಕಡಿಮೆಯಿಲ್ಲದ ಅಗಲ, 60 ಸೆಂಟಿಮೀಟರ್ ಆಳ, ಅಂಚುಗಳನ್ನು ಪಿಕ್ಕಾಸಿನಿಂದ ಒರಟಾಗಿ ಒಡೆದಿರಬೇಕು. ತೋಡಿದ ಮೇಲೆ ಒಂದಡಿ ನೀರು ತುಂಬಿಸಿ ನೋಡಿ. ಮರುದಿನ ಅದೇ ಹೊತ್ತಿಗೂ ನೀರು ನಿಂತಿದ್ದರೆ ಇಳಿಜಾರಿನ ಬದಿಗೆ ಗುಂಡಿಯ ತಳದಿಂದಲೇ ಒಂದು ಕಣಿ ತೋಡಿ ನೀರು ಹೊರಗೆ ಬಿಡಬೇಕು. ಕಣಿ ಮಾಡಲಾಗದಷ್ಟು ಗಟ್ಟಿ ಪಾರೆಯಾದರೆ ಗುಂಡಿಯನ್ನೇ ಬಿಟ್ಟು, ಒಂದೂವರೆ ಮೀಟರ್ ಅಗಲದಲ್ಲಿ 45 ಸೆಂಟಿಮೀಟರ್ ಎತ್ತರಕ್ಕೆ ಮಣ್ಣು ಏರಿಸಿ, ಸುತ್ತ ಬಿಡಿ ಮುರಕಲ್ಲು ಇಟ್ಟು ಅದರ ಮೇಲೆ ನೆಡಿ. ಕಲ್ಲಿನ ಸಂದಿಗೆ ಸಿಮೆಂಟ್ ಬೇಡ.

ತುಂಬಿಸಲು ಐದು ಬುಟ್ಟಿ ಮೇಲ್ಮಣ್ಣಿಗೆ ಒಂದು ಬುಟ್ಟಿ ಹಳೆಯ ಹಟ್ಟಿಗೊಬ್ಬರ ಸಾಕು. ತೆಂಗಿನ ಗುಂಡಿಗೆ ಕಲ್ಲು ಸಡಿಲವಾಗಲೆಂದು ಎರಡು ಕಿಲೊ ಉಪ್ಪು ಹಾಕುವ ಪದ್ಧತಿಯನ್ನು ಈ ಮರಗಳಿಗೆ ತರಬಾರದು. ತೆಂಗು ಉಪ್ಪು ತಾಳುತ್ತದೆ, ಇವುಗಳ ಎಳೆ ಬೇರು ತಾಳದು. ತೆಂಗಿನ ಸಿಪ್ಪೆಯನ್ನು ತಳದಲ್ಲಿ ಒಳಮೈ ಮೇಲಾಗಿ ಒಂದು ಪದರ ಜೋಡಿಸಬಹುದು, ಬೇಸಗೆಗೆ ನೀರು ಹಿಡಿದಿಡುತ್ತದೆ. ಗೆದ್ದಲು ಇರುವ ಜಾಗವಾದರೆ ಅದೂ ಬೇಡ.

ನೆಡುವ ಕಾಲ ಪತ್ತನಾಜೆ (ಮೇ ಕೊನೆಯ ವಾರದ ಹೊತ್ತಿಗೆ ಬರುವ ತುಳುವರ ದಿನ) ಕಳೆದು ನೆಲ ಚೆನ್ನಾಗಿ ನೆನೆದ ಮೇಲೆ. ಆಟಿಯ ಜಡಿಮಳೆಯಲ್ಲಿ ಬೇಡ, ಕೆಸರು ತುಳಿದು ಮಣ್ಣು ಗಟ್ಟಿಯಾಗುತ್ತದೆ. ಗಿಡದ ಪ್ಲಾಸ್ಟಿಕ್ ತೊಟ್ಟೆಯನ್ನು ಬ್ಲೇಡಿನಿಂದ ಪೂರ್ತಿ ಸೀಳಿ ತೆಗೆಯಿರಿ. ತಳದಲ್ಲಿ ಬೇರು ಬಳೆಯಂತೆ ಸುತ್ತಿದ್ದರೆ ಆ ಸುತ್ತನ್ನು ಕತ್ತರಿಸಿಯೇ ನೆಡಬೇಕು. ಪಾಪವೆಂದು ಬಿಟ್ಟರೆ ಹತ್ತು ವರ್ಷ ಕಳೆದು ಅದೇ ಬೇರು ಬುಡವನ್ನು ಹಿಸುಕಿ ಮರವನ್ನು ಗಾಳಿಗೆ ಬೀಳಿಸುತ್ತದೆ. ಕಾಂಡ ಬೇರಾಗಿ ಅಗಲವಾಗುವ ಜಾಗ ನೆಲದ ಮಟ್ಟಕ್ಕೆ ಕಾಣಬೇಕು, ಕಸಿಯ ಗಂಟು ಅದಕ್ಕಿಂತ ನಾಲ್ಕು ಬೆರಳು ಮೇಲೆ. ಆಳಕ್ಕೆ ಹೂತರೆ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ತಪ್ಪು ಲೆಕ್ಕ, ಮಣ್ಣಡಿಯ ತೊಗಟೆ ಕೊಳೆಯುತ್ತದೆ. ಗೂಟ ಕಟ್ಟುವುದಿದ್ದರೆ ಸಡಿಲವಾಗಿ ಬಾಳೆನಾರಿನಲ್ಲಿ ಕಟ್ಟಿ ಒಂದು ವರ್ಷದೊಳಗೆ ಬಿಚ್ಚಿ.

ತುಲಾ ಮಾಸದ (ಅಕ್ಟೋಬರ್–ನವೆಂಬರ್) ಮಳೆ ನಿಂತ ಕೂಡಲೇ ಬುಡದ ಸುತ್ತ ನಾಲ್ಕು ಇಂಚು ದಪ್ಪ ತರಗೆಲೆ ಹಾಸಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು. ಮೊದಲ ಎರಡು ಬೇಸಗೆ ವಾರಕ್ಕೆ ಎರಡು ಬಾರಿ 20 ಲೀಟರ್‌ನಂತೆ ನಿಧಾನವಾಗಿ ನೀರು ಕೊಡಬೇಕು. ದಿನವೂ ಒಂದು ಚೆಂಬು ಹೊಯ್ಯುವುದರಿಂದ ಬೇರು ಮೇಲಕ್ಕೇ ಬರುತ್ತದೆ. ಮೊದಲ ಬೇಸಗೆಯಲ್ಲಿ ಪಡುವಣ ಬಿಸಿಲಿಗೆ ತೆಂಗಿನ ಮಡಲು ಚುಚ್ಚಿ ಮರೆ ಮಾಡಿ. ಯೂರಿಯ ಬೇಡವೇ ಬೇಡ. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ಬುಡದ ತೊಗಟೆಯನ್ನು ಸುತ್ತಲೂ ಕೆತ್ತಿ ಕೊಂದ ಗಿಡಗಳು ಹುಳ ತಿಂದು ಸತ್ತವುಗಳಿಗಿಂತ ಕಡಿಮೆಯೇನಲ್ಲ, ಬುಡದ ಹುಲ್ಲನ್ನು ಕೈಯಲ್ಲೇ ಕೀಳಿ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸುವವರು ಪ್ರತಿ ಮರಕ್ಕೂ ನಾಲ್ಕಡಿ ಚೌಕದ ಬರಿ ಮಣ್ಣನ್ನು ಬಿಡುವುದನ್ನು ಕಂಟ್ರಾಕ್ಟರಿಗೆ ಮೊದಲೇ ಹೇಳಬೇಕು. ಆಮೇಲೆ ಹೇಳಿದರೆ ಅವರು ಬಿಡುವುದು ಒಂದಡಿ.

ಸ್ವಂತ ಕಣ್ಣಿನಿಂದ ಮೇಪಲ್ ನೋಡುವ ಯೋಗವಿರುವ, ಅಮೆರಿಕದಲ್ಲಿ ಮನೆ ಮಾಡಿರುವ ನಮ್ಮ ಊರಿನವರಿಗೂ ಇಲ್ಲಿ ಎರಡು ಮಾತು ಹೇಳಬೇಕು, ಪತ್ರಿಕೆಯನ್ನು ಅವರೂ ಮೊಬೈಲಿನಲ್ಲಿ ಓದುತ್ತಾರೆ. ಬೀಜದ ಗಿಡದ ಬಣ್ಣಕ್ಕೆ ಭರವಸೆಯಿಲ್ಲ, ಕೆಲವು ಹಳದಿಗೇ ನಿಲ್ಲುತ್ತವೆ. ಅಕ್ಟೋಬರ್ ಗ್ಲೋರಿ, ರೆಡ್ ಸನ್‌ಸೆಟ್‌ನಂಥ ಹೆಸರಾದ ತಳಿಗಳನ್ನು ತನ್ನದೇ ಬೇರಿನ ಮೇಲೆ ಬೆಳೆಸಿದ್ದನ್ನು ಕೇಳಿ ಕೊಳ್ಳಿ, ಕೆಂಪು ಮೇಪಲ್‌ನಲ್ಲಿ ಕಸಿ ಕೆಲವು ವರ್ಷ ಕಳೆದು ಒಪ್ಪದೆ ಗಂಟಿನಲ್ಲೇ ಮುರಿಯುವುದುಂಟು. ಎಲೆ ಉದುರಿದ ಮೇಲೋ ವಸಂತದ ಆರಂಭದಲ್ಲೋ ನೆಡಿ. ಬೇರು ಮೇಲ್ಮೈಯಲ್ಲೇ ಹರಿದು ಕಾಲುದಾರಿಯ ಕಾಂಕ್ರೀಟನ್ನು ಎತ್ತುವುದರಿಂದ ದಾರಿಯಿಂದ 3 ಮೀಟರ್, ಮನೆಯಿಂದ 6 ಮೀಟರ್ ಬಿಡಬೇಕು. ತೊಗಟೆ ತೆಳು, ಹುಲ್ಲಿನ ಯಂತ್ರದ ವಿಷಯದಲ್ಲಿ ಮೇಲೆ ಹೇಳಿದ್ದು ಅಲ್ಲಿಗೂ ಅನ್ವಯ. ಚಳಿಗಾಲದ ಕೊನೆಯಲ್ಲಿ ಕೊಂಬೆ ಕಡಿದರೆ ರಸ ಸೋರುತ್ತದೆ, ಬೇಸಗೆಯಲ್ಲಿ ಕಡಿಯಿರಿ. ಪಕ್ಕದಲ್ಲಿ ಕುದುರೆ ಸಾಕಿದವರಿದ್ದರೆ ಈ ಮರವೇ ಬೇಡ, ಬಾಡಿದ ಕೆಂಪು ಮೇಪಲ್ ಎಲೆ ಕುದುರೆಯ ರಕ್ತಕಣಗಳನ್ನು ಒಡೆದು ಕೊಲ್ಲುವಷ್ಟು ವಿಷ.

ಕೊನೆಗೆ ನಮ್ಮ ಪಂಚಾಯತುಗಳಿಗೂ ಶಾಲೆಗಳಿಗೂ ಒಂದು ಕೋರಿಕೆ. ಜೂನ್ 5ರ ಪರಿಸರ ದಿನಕ್ಕೆ ಹಂಚುವ ಗಿಡಗಳಲ್ಲಿ ಪುನರ್ಪುಳಿ, ಅಶೋಕ, ನಾಗಸಂಪಿಗೆಗಳನ್ನು ಸೇರಿಸಿ. ಪ್ರತಿ ಗಿಡಕ್ಕೂ ಅದರ ಹೆಸರು, ಬೆಳೆಯುವ ಎತ್ತರ, ಗೋಡೆಯಿಂದ ಬಿಡಬೇಕಾದ ದೂರ ಬರೆದ ಚೀಟಿಯೊಂದು ಇರಲಿ, ಪುನರ್ಪುಳಿಯಾದರೆ ಕಸಿಯೋ ಬೀಜದ್ದೋ ಎಂಬುದೂ ಇರಲಿ. ಬೀಜದ ನಾಗಸಂಪಿಗೆ ಬೇಕಿದ್ದರೆ ಈ ವರ್ಷದ ಬೀಜವನ್ನು ಬಿದ್ದ ಕೂಡಲೇ ಪಾತಿಗೆ ಹಾಕಿದರೆ ಮಾತ್ರ ಮುಂದಿನ ಜೂನಿಗೆ ಕೊಡಲು ಗಿಡವಿರುತ್ತದೆ.

ಇತಿ,
ಕಸಿ ಕೆಲಸದ ಒಬ್ಬ ಓದುಗ
ಪೆರ್ಲ, ಕಾಸರಗೋಡು ಜಿಲ್ಲೆ